ಹದಿನಾಲ್ಕನೇ ಕುಳಿ

ಸೀತಾಂಗೋಳಿಯಾಚೆ, ಮುರಕಲ್ಲಿನ ಪಣೆಯಂಚಿಗೆ
ತಗಡು ಹೊದೆಸಿದ ಆಫೀಸು. ಒಂದು ಮೇಜು, ಬಿಲ್ಲು ಪುಸ್ತಕ,
ಮಂಗಳೂರಿನ ಹರಾಜಿನಲ್ಲಿ ಬಂದ ಹಳೇ ಕಂಪ್ಯೂಟರು,
ಅದರ ಹೊಟ್ಟೆಯಲ್ಲಿ
ಯಾರೋ ಅಳಿಸಲು ಮರೆತ ಗಾಲ್ಫು.

ಒಂದು ಗಂಟೆಗೆ ಕಲ್ಲು ಕೊಯ್ಯುವ ಮಿಷನ್ನು ಬಾಯಿ ಮುಚ್ಚುತ್ತದೆ.
ಕಿವಿಯೊಳಗೆ ಇನ್ನೂ ಹತ್ತು ನಿಮಿಷ ಅದರದೇ ಓಟ.
ನಾನು ಬುತ್ತಿ ಮುಚ್ಚಿ, ಕೀಲಿಗಳ ಮೇಲಿನ ಕೆಂಪು ಹುಡಿಯನ್ನು
ಉಫ್ ಎಂದು ಊದಿ
ಕಣಿವೆಗೆ ಇಳಿಯುತ್ತೇನೆ.

ಹದಿಮೂರು ಕುಳಿಗಳ ತನಕ ಪರವಾಗಿಲ್ಲ.
ಮರಳಿನ ಹೊಂಡದಿಂದ ಎದ್ದು ಬರಬಲ್ಲೆ,
ಇಳಿಜಾರಿನಲ್ಲಿ ಚೆಂಡಿಗೆ ಬುದ್ಧಿ ಹೇಳಬಲ್ಲೆ.
ಹದಿನಾಲ್ಕನೆಯದು ಬೇರೆ.
ಈಚೆ ಬದಿ ಚಾಪೆಯಷ್ಟು ಹಸಿರು,
ಆಚೆ ಬದಿ ಕರವಸ್ತ್ರದಷ್ಟು, ಅದಕ್ಕೆ ಕುತ್ತಿದ ಬಾವುಟ,
ನಡುವೆ ನೂರ ತೊಂಬತ್ತಾರು ಗಜ
ಏನೂ ಇಲ್ಲ.
ತಳದಲ್ಲಿ ನೂಲಿನಂಥ ನೀರು.
ಗೋಡೆ ಮಾತ್ರ ನಮ್ಮದೇ ಬಣ್ಣ, ಸುಟ್ಟ ಕೆಂಪು, ಗೆರೆ ಗೆರೆ.

ಆಟ ಸರಳ, ಮೂರು ಒತ್ತು.
ಒಂದಕ್ಕೆ ಕೋಲು ಏಳುತ್ತದೆ,
ಎರಡಕ್ಕೆ ಬಲ ನಿಲ್ಲುತ್ತದೆ,
ಮೂರನೆಯದು ಬಿಳಿ ಗೆರೆಯ ಮೇಲೆಯೇ ಬಿದ್ದರೆ ನೇರ.
ಕೂದಲೆಳೆ ಮುಂಚೆ ಒತ್ತಿದರೆ ಬಲಗೋಡೆ,
ಕೂದಲೆಳೆ ತಡೆದರೆ ಎಡಗೋಡೆ.
ಚೆಂಡು ಒಂದು ಬಂಡೆಗೆ ಬಡಿದು, ಇನ್ನೊಂದಕ್ಕೆ ಬಡಿದು,
ಟಕ್, ಟಕ್,
ಆಮೇಲೆ ಸದ್ದೇ ಇಲ್ಲ.
ಕಾಣದ ಜನ ಓಹ್ ಅನ್ನುತ್ತಾರೆ. ದಿನಾ ಅದೇ ಓಹ್.
ದಂಡ, ಒಂದು ಏಟು.
ಹೊಸ ಚೆಂಡು ತಾನಾಗಿ ಬಂದು ಕೂರುತ್ತದೆ
ಏನೂ ಆಗದ ಹಾಗೆ, ನಾಚಿಕೆಯಿಲ್ಲದೆ.

ಮೊನ್ನೆ ಒಂಬತ್ತು ಚೆಂಡು ಕಳೆದಿದ್ದೆ.
ಮಿಷನ್ನಿನ ಅದ್ರಾಮಣ್ಣ ನೀರು ಕುಡಿಯಲು ಬಂದವರು
ಹಿಂದೆ ನಿಂತರು. ರೆಪ್ಪೆಯ ಮೇಲೂ ಹುಡಿ.
"ಎಂತದಿದು, ಸುಗಂಧಿ? ಯಾರ ಪಣೆ?"
ಪಣೆ ಅಲ್ಲ, ಕಣಿವೆ. ಅಮೆರಿಕದ್ದೋ ಏನೋ. ನದಿ ಕಡಿದದ್ದು.
"ಎಷ್ಟು ವರ್ಷ?"
ಲಕ್ಷಗಟ್ಟಲೆ.
ಅವರು ಬೆರಳು ಮಡಚಿದರು,
ದಿನಕ್ಕಿಷ್ಟು ಕಲ್ಲು, ಲೋಡಿಗಿಷ್ಟು,
ಹೆಬ್ಬೆರಳಿಗೆ ಬಂದು ಕೈಬಿಟ್ಟರು.
"ಹಾಗಾದರೆ ಕಲ್ಲೆಲ್ಲ ಎಲ್ಲಿಗೆ ಹೋಯ್ತು?
ಯಾರದ್ದಾದರೂ ಮನೆ ಆಗಿರಬೇಕಲ್ಲ?"
ನನ್ನ ಬಿಲ್ಲು ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಮೇಲೆ ಮೂಲೆಯಲ್ಲಿ ಒಂದು ಬಾಣ ನಡುಗುತ್ತಿತ್ತು. ಗಾಳಿ, ಎಂದೆ.
ಅವರು ಬಾಣ ನೋಡಲಿಲ್ಲ, ಬಾವುಟ ನೋಡಲಿಲ್ಲ,
ಹೊಂಡ ನೋಡಿದರು.
"ಮೇಲಿನ ಗಾಳಿ ಒಂದು, ಹೊಂಡದ ಗಾಳಿ ಇನ್ನೊಂದು.
ಬ್ಲೇಡಿನ ಹುಡಿ ಗೋಡೆ ಹಿಡಿದೇ ಹತ್ತುವುದು,
ಹತ್ತಿದ್ದು ತಿರುಗಿ ಬರುವುದು ನಮ್ಮ ಮುಖಕ್ಕೆ.
ನೀನು ಬಾವುಟಕ್ಕೆ ಹೊಡೀಬೇಡ. ಅಗೋ, ಎಡಕ್ಕೊಂದು ಮೆಟ್ಟು ಉಂಟಲ್ಲ,
ಕಲ್ಲು ತೆಗೆದು ಬಿಟ್ಟ ಹಾಗೆ. ಅದಕ್ಕೆ ಹಾಕು.
ಉರುಳುವುದು ಅದರ ಕೆಲಸ."

ಆಟ ಬರೆದವನಿಗೆ ಇದೆಲ್ಲ ಗೊತ್ತಿತ್ತೋ ಇಲ್ಲವೋ.
ಒತ್ತಿದೆ. ಒತ್ತಿದೆ. ಒತ್ತಿದೆ.
ಚೆಂಡು ಹೋಯಿತು,
ಏನೂ ಇಲ್ಲದರ ಮೇಲೆ ಬಹಳ ಹೊತ್ತು ಹೋಯಿತು,
ಮೆಟ್ಟಿಗೆ ತಾಗಿ, ಕೊಂಚ ಯೋಚಿಸಿ,
ಬಾವುಟದ ಕಡೆ ಹೊರಳಿತು.
ಕಾಣದ ಜನ ಚಪ್ಪಾಳೆ ತಟ್ಟಿದರು.
ಅವರಿಗೆ ಅದೂ ಬರುತ್ತದೆಂದು ಅವತ್ತೇ ಗೊತ್ತಾದದ್ದು.
ಅದ್ರಾಮಣ್ಣ ಚೆಂಬು ಇಟ್ಟು ಹೊರಟರು,
ಗೆದ್ದೆಯಾ ಎಂದೂ ಕೇಳದೆ.

ಕುಳಿಗೆ ಉಳಿದದ್ದು ಒಂದು ಮಾರು.
ನಾಲ್ಕು ಸಲ ತಪ್ಪಿಸಿದೆ.
ಕಮರಿಗೆ ಹೆದರಿ ಹೆದರಿ ಪಳಗಿದ ಕೈಗೆ
ಒಂದು ಮಾರು ಹುಲ್ಲು ಹೊಸದು.

ಕೆಳಗೆ ಮಿಷನ್ನು ಮತ್ತೆ ಬಾಯಿ ತೆರೆಯಿತು.
ಪೈವಳಿಕೆಯ ಲಾರಿ ಬಂದು ಹಾರ್ನ್ ಹೊಡೆಯಿತು.
ಬರೆದೆ: ಒಂಬತ್ತಿಂಚಿನ ಕಲ್ಲು, ಮುನ್ನೂರೈವತ್ತು, ನಗದು.
ತಿರುಗಿ ನೋಡಿದರೆ ಪರದೆಯ ಮೇಲೆ ಹುಡಿ ಕೂರತೊಡಗಿತ್ತು,
ಮೊದಲು ಬಾವುಟಕ್ಕೆ, ಆಮೇಲೆ ಹಸಿರಿಗೆ.
ಗೋಡೆಯ ಮೇಲೆ ಬಿದ್ದದ್ದು ಮಾತ್ರ
ಕಾಣುತ್ತಿರಲಿಲ್ಲ.